ಮ್ಯಾನೇಜರ್ ಅವರ ಪಥ್ಯ

ಮಾರ್ಚ್ ೩, ಸೋಮವಾರ

ಅತ್ತೆಯ ಸೊಂಟದ ಆಪರೇಷನ್ ಆಯಿತು. ಮೂಳೆ ಡಾಕ್ಟರು ಹೊರಗೆ ಬಂದು "ಗಟ್ಟಿ ಜೀವ" ಅಂದರು. ಅದನ್ನು ಹೇಳಲು ಅವರಿಗೆ ಎರಡು ಗಂಟೆ ಬೇಕಾಯಿತು. ನನಗೆ ಹದಿನೇಳು ವರ್ಷದಿಂದ ಗೊತ್ತು.

ಬಿದ್ದದ್ದು ನಾಯಿಯನ್ನು ಎಡವಿ. ಬೇರೆ ನಾಯಿಗಳು ಬಾಗಿಲಲ್ಲಿ ಮಲಗುತ್ತವೆ, ನಮ್ಮದು ಬಾಗಿಲು ತುಂಬ ಮಲಗುತ್ತದೆ. ಅತ್ತೆ ಮೇಲೆ ಬಿದ್ದಾಗಲೂ ಅದು ಏಳಲಿಲ್ಲವಂತೆ, ಒಂದು ಕಡೆ ಸರಿದು ಅವರಿಗೆ ಜಾಗ ಮಾಡಿಕೊಟ್ಟಿತಂತೆ. ಮಂಪರು ಇಳಿದ ಮೇಲೆ ಅತ್ತೆ ಆಡಿದ ಮೊದಲ ಮಾತು: "ಮ್ಯಾನೇಜರ್ ಅವರಿಗೆ ಏಟಾಗಲಿಲ್ಲ ತಾನೆ?"

ಮ್ಯಾನೇಜರ್ ಅಂದರೆ ನಾಯಿ. ಹೋದ ನಮ್ಮ ಮಾವ ಇಟ್ಟ ಹೆಸರು. ಅವರ ಕಚೇರಿಯ ಮ್ಯಾನೇಜರ್ ತಿನ್ನುವುದು, ಆಕಳಿಸುವುದು, ಯಾರಾದರೂ ಒಳಗೆ ಬಂದರೆ ಒಮ್ಮೆ ಗುರ್ ಅನ್ನುವುದು ಬಿಟ್ಟರೆ ಬೇರೆ ಕೆಲಸ ಮಾಡುತ್ತಿರಲಿಲ್ಲವಂತೆ. ಮಾವನಿಗೆ ಅದು ತಮಾಷೆ, ಅತ್ತೆಗೆ ಹುದ್ದೆ. ನಾಯಿಗೆ "ಬನ್ನಿ, ಕೂತ್ಕೊಳ್ಳಿ." ನನಗೆ "ಏ, ಬಾರೇ ಇಲ್ಲಿ." ನಮ್ಮ ಮನೆಯಲ್ಲಿ ನಾಯಿಗೆ ಬಹುವಚನ, ಸೊಸೆಗೆ ಏಕವಚನ.

ಅದರ ಮೇಲೆ ಒಂದು ಆಳು ಬಿದ್ದಿದೆಯಲ್ಲ ಎಂದು ಸಂಜೆ ನಾಯಿಯನ್ನು ಪಶುವೈದ್ಯರಿಗೆ ತೋರಿಸಿದೆವು. ಏಟೇನೂ ಇಲ್ಲ. ಆದರೆ ಮೂವತ್ತೆಂಟು ಕಿಲೋ ಇದೆ, ಇರಬೇಕಾದ್ದು ಮೂವತ್ತು. ಹಿಂಗಾಲಿನ ಕೀಲು ಸವೆಯಲು ಶುರುವಾಗಿದೆ. "ಹೀಗೇ ಬಿಟ್ರೆ ಇನ್ನೊಂದು ವರ್ಷಕ್ಕೆ ನಡೆಯೋದೇ ನಿಂತುಹೋಗುತ್ತೆ," ಎಂದರು ವೈದ್ಯರು. "ಪಥ್ಯ ಮಾಡಿಸಿ. ನಿಮಗೆ ಸ್ವಲ್ಪ ಕಷ್ಟ ಆಗಬಹುದು."

ನನಗೆ! ಮುನ್ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ರೋಗಿಗಳ ಪಥ್ಯದ ಚೀಟಿ ಬರೆಯುವವಳಿಗೆ! ಮೀನಿನ ಮರಿಗೆ ಈಜು ಕಲಿಸಲು ಬಂದರು.

ಮಾರ್ಚ್ ೪, ಮಂಗಳವಾರ

ನಾಯಿಗೆ ಏನು ಹಾಕಬೇಕು ಎಂದು ಒಬ್ಬರನ್ನು ಕೇಳಿದರೆ ಹತ್ತು ಜನ ಹೇಳುತ್ತಾರೆ.

ಸಾಕುಪ್ರಾಣಿಗಳ ಅಂಗಡಿಯವನು ಒಣ ಆಹಾರದ ಚೀಲ ತೋರಿಸಿದ. ಚೀಲದ ಮೇಲೆ ಬೆಟ್ಟದ ತುದಿಯಲ್ಲಿ ಎದೆ ಸೆಟೆಸಿ ನಿಂತ ನಾಯಿಯ ಚಿತ್ರ. "ಇದು ತಿಂದ್ರೆ ಹೀಗಾಗುತ್ತೆ ಮೇಡಂ." ನಮ್ಮದು ಮೂರು ಮೆಟ್ಟಿಲು ಹತ್ತುವ ಮೊದಲು ಕೂತು ಯೋಚಿಸುತ್ತದೆ.

ಎದುರುಮನೆಯ ಈಜು ಮಾಸ್ತರರು ಹಸಿ ಮಾಂಸ ಹಾಕಿ ಎಂದರು. "ತೋಳ ಬೇಯಿಸ್ಕೊಂಡು ತಿನ್ನುತ್ತಾ?"

"ತೋಳ ಟೀವಿ ಮುಂದೆ ಮಲಗಲ್ಲ ಮಾಸ್ತರೇ," ಅಂದೆ.

ಮೇಲಿನ ಮನೆಯ ಟೈಲರ್ ಅಕ್ಕನ ನಾಯಿ ಹದಿನಾಲ್ಕು ವರ್ಷ ಬರೀ ಬ್ರೆಡ್ಡು ತಿಂದು ಬದುಕಿತ್ತಂತೆ. ಸತ್ತದ್ದು ಹೇಗೆ ಎಂದು ಕೇಳಿದೆ. ಬೇಕರಿ ವ್ಯಾನಿಗೆ ಸಿಕ್ಕಿ.

ಕೊನೆಗೆ ವೈದ್ಯರಿಗೇ ಫೋನು ಮಾಡಿ, ಕೇಳಿ, ಬರೆದುಕೊಂಡು ತೀರ್ಮಾನ ಮಾಡಿದೆ: ಚರ್ಮ ತೆಗೆದು ಬೇಯಿಸಿದ ಕೋಳಿ, ಕುಂಬಳ, ಕ್ಯಾರೆಟ್, ಒಂದು ಹಿಡಿ ಅನ್ನ, ಅದರ ಮೇಲೆ ಅವರು ಕೊಟ್ಟ ಪುಡಿ. ಉಪ್ಪಿಲ್ಲ, ಎಣ್ಣೆಯಿಲ್ಲ. ಈರುಳ್ಳಿ ನಾಯಿಗೆ ವಿಷ. ಬಿಸ್ಕತ್ತು ಇವತ್ತಿಂದ ಬಂದ್. ತಿಂಗಳಿಗೆ ಎರಡು ಕಿಲೋ ಇಳಿದರೆ ಸಾಕು, ಅವಸರ ಬೇಡ ಎಂದರು.

ಮಾರ್ಚ್ ೫, ಬುಧವಾರ

ತಿನ್ನಲಿಲ್ಲ. ಬಟ್ಟಲು ಮೂಸಿತು, ನನ್ನ ಮುಖ ನೋಡಿತು, ಮತ್ತೆ ಮೂಸಿತು. ಹೋಟೆಲಿನಲ್ಲಿ ಪಕ್ಕದ ಮೇಜಿನವರ ತಟ್ಟೆ ತಮ್ಮ ಮುಂದೆ ಬಂದಾಗ ಜನ ಮಾಣಿಯನ್ನು ಹುಡುಕುವ ಹಾಗೆ ಸುತ್ತ ನೋಡಿತು. ಆಮೇಲೆ ಹೋಗಿ ಬಾಗಿಲು ತುಂಬ ಮಲಗಿತು.

ಆಸ್ಪತ್ರೆಗೆ ಹೋದರೆ ಮೂಳೆ ವಾರ್ಡಿನಿಂದ ಅತ್ತೆಯ ತಟ್ಟೆಯೂ ಹೋದ ಹಾಗೇ ವಾಪಸ್. ಮುಚ್ಚಳದ ಮೇಲೆ ಒಂದು ಚೀಟಿ: "ಇದನ್ನು ಬರೆದವಳೇ ತಿನ್ನಲಿ."

"ಯಾರೋ ಮುದುಕಿ, ತುಂಬಾ ಜೋರು," ಎಂದಳು ತಟ್ಟೆ ತಂದವಳು. ನಾನು ಹೌದಾ ಅಂದೆ.

ಮಾವ ಹೋದಾಗಿನಿಂದ, ಅಂದರೆ ಎರಡು ವರ್ಷದಿಂದ, ಅತ್ತೆ ನಾನು ಮಾಡಿದ್ದನ್ನು ಮುಟ್ಟುವುದಿಲ್ಲ. ಒಂದೇ ಅಡುಗೆಮನೆ, ಎರಡು ಪಾಳಿ. ಮಾವನದು ದುರ್ಬಲ ಹೃದಯ. ಕೊನೆಯ ಮೂರು ತಿಂಗಳು ನಾನೇ ಉಪ್ಪು ಬಿಡಿಸಿದ್ದೆ. ಕೊನೆಯ ವಾರ ಚಿಕ್ಕ ಮಗುವಿನ ಹಾಗೆ ಒಂದು ಹರಳು ಕೊಡು ಎಂದು ಕೇಳಿದರು. ಕೊಡಲಿಲ್ಲ. ಡಾಕ್ಟರು ಹೇಳಿದ್ದೂ ಅದೇ, ನಾನು ಓದಿದ್ದೂ ಅದೇ.

ಇದನ್ನೇಕೆ ಬರೆದೆನೋ. ನಾಯಿಯ ವಿಷಯ ಬರೆಯಲು ಕೂತದ್ದು.

ಮಾರ್ಚ್ ೮, ಶನಿವಾರ

ಮೂರು ದಿನ ಹೆಚ್ಚುಕಡಿಮೆ ಉಪವಾಸ. ಇವತ್ತು ಬೆಳಿಗ್ಗೆ ನನಗೇ ತಡೆಯಲಾಗಲಿಲ್ಲ. ಬಟ್ಟಲಿನ ಪಕ್ಕ ನೆಲದ ಮೇಲೆ ಕೂತು "ನೋಡು, ಏನೂ ಆಗಲ್ಲ" ಅಂತ ಪಾತ್ರೆಯಲ್ಲಿ ಉಳಿದಿದ್ದ ಒಂದು ಕುಂಬಳದ ಹೋಳು ಬಾಯಿಗೆ ಹಾಕಿಕೊಂಡೆ. ಹತ್ತೊಂಬತ್ತು ವರ್ಷದಿಂದ ಊರಿಗೆಲ್ಲ ಬರೆದುಕೊಡುತ್ತಿದ್ದೇನೆ, ಉಪ್ಪಿಲ್ಲದ ಕುಂಬಳ ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ಒದ್ದೆ ಕಾಗದ.

ನಾನು ನುಂಗಿದೆ. ಅದು ಬಾಯಿ ಹಾಕಿತು. ನಾನು ಇನ್ನೊಂದು ತಿಂದೆ. ಅದೂ ಇನ್ನೊಂದು. ನಾನು ನಿಲ್ಲಿಸಿದರೆ ತಾನೂ ನಿಲ್ಲಿಸಿ ನನ್ನ ಬಾಯಿ ನೋಡುತ್ತದೆ. ಹೀಗೆ ಇಬ್ಬರೂ ಸೇರಿ ಮುಗಿಸಿದೆವು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ, ಕನ್ನಡಕ ಒರೆಸಿಕೊಂಡು ಹೋದರು.

ಮನೆಯಲ್ಲಿ ಕೂತು ತಿಂಡಿ ತಿಂದು ಎಷ್ಟು ದಿನವಾಗಿತ್ತೋ. ನಾನು ಯಾವಾಗಲೂ ಒಲೆಯ ಮುಂದೆ ನಿಂತೇ ತಿನ್ನುವವಳು.

ಮಾರ್ಚ್ ೧೩, ಗುರುವಾರ

ನಾಳೆಯಿಂದ ನನಗೆ ಬೆಳಗಿನ ಪಾಳಿ, ಆರಕ್ಕೇ ಹೊರಡಬೇಕು. ನಾಯಿಯ ಎರಡೂ ಹೊತ್ತಿನ ಊಟ ನಮ್ಮ ಯಜಮಾನರ ಪಾಲಿಗೆ. ಯಜಮಾನರದು ಮನೆಯಲ್ಲೇ ಕೂತು ಪ್ರೆಸ್ಸಿನವರಿಗೆ ಅಚ್ಚಿನ ತಪ್ಪು ತಿದ್ದಿಕೊಡುವ ಕೆಲಸ. ಬಾಯಲ್ಲಿ ಹೇಳಿದ್ದು ಒಂದು ಕಿವಿಯಿಂದ ಹೋಗುತ್ತದೆ, ಬರೆದುಕೊಟ್ಟರೆ ಒಂದಕ್ಷರ ಅತ್ತಿತ್ತ ಆಗುವುದಿಲ್ಲ. ಅದಕ್ಕೇ ಮಧ್ಯಾಹ್ನ ಆಫೀಸಿನಲ್ಲಿ ಆಸ್ಪತ್ರೆಯ ಹಳದಿ ಚೀಟಿಯಲ್ಲೇ ಬರೆದೆ:

ಹೆಸರು: ಮ್ಯಾನೇಜರ್. ವಯಸ್ಸು: ೫೬ (ಎಂಟು ಎಂದು ಬರೆಯಲು ಕೈ ಬರಲಿಲ್ಲ, ಮನುಷ್ಯರ ಲೆಕ್ಕದಲ್ಲಿ ಬರೆದೆ). ತೊಂದರೆ: ಸೋಮಾರಿತನ, ಯಾರಾದರೂ ಊಟಕ್ಕೆ ಕೂತರೆ ದಿಟ್ಟಿಸಿ ನೋಡುವುದು. ಬೇಯಿಸಿದ ಕೋಳಿ, ಕುಂಬಳ, ಕ್ಯಾರೆಟ್. ಎಷ್ಟು ಬೇಡಿದರೂ ಹೆಚ್ಚಿಗೆ ಕೊಡಬಾರದು. ದಿನಕ್ಕೆರಡು ಸಲ ಕುತ್ತಿಗೆ ಪಟ್ಟಿ ಹಾಕಿ ಇಪ್ಪತ್ತು ನಿಮಿಷ ನಡೆಸುವುದು. ಮರ ಕಂಡಲ್ಲಿ ನಿಲ್ಲಲು ಬಿಡುವುದು, ಎಳೆಯಬಾರದು. ಗುರ್ ಅಂದರೆ ಲಕ್ಷ್ಯ ಕೊಡಬೇಡಿ. ಹೇಳಿದ ಮಾತು ಕೇಳಿದರೆ ತಲೆ ಸವರಿ "ಶಾಭಾಸ್" ಎನ್ನುವುದು.

ಇನ್ನೂ ಎಂಟು ಚೀಟಿ ಬರೆಯುವುದಿತ್ತು. ಎಲ್ಲ ಮುಗಿಸಿ, ಅಡುಗೆಮನೆಯ ಕಿಟಕಿಯಲ್ಲಿ ಕೊಟ್ಟು, ನಮ್ಮದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಂದು ಯಜಮಾನರ ಕೈಗೆ ಕೊಟ್ಟೆ.

ಮಾರ್ಚ್ ೧೫, ಶನಿವಾರ

ಅವನಿಗೆ ಪಥ್ಯ ಹಿಡಿಸಿದ ಹಾಗಿದೆ. ತುಂಬ ಗೆಲುವಾಗಿದ್ದಾನೆ. ಊಟದ ಹೊತ್ತಿಗೆ ಯಜಮಾನರ ಕೋಣೆಯ ಮುಂದೆ ಹೋಗಿ ತಾನೇ ಕೂಗುತ್ತಾನಂತೆ. ಎಲ್ಲಕ್ಕೂ ಒಂದು ಕ್ರಮ ಬೇಕು ಅನ್ನುವುದು ಇದಕ್ಕೇ.

ಮಾರ್ಚ್ ೧೭, ಸೋಮವಾರ

ನನ್ನ ಆಫೀಸಿನ ಕಿಟಕಿಯಿಂದ ಆಸ್ಪತ್ರೆಯ ತೋಟ ಕಾಣುತ್ತದೆ. ಗಂಡಸರ ವಾರ್ಡಿನ ಹದಿನಾಲ್ಕನೇ ಹಾಸಿಗೆಯವರು ಸಿಸ್ಟರ್ ಜೊತೆ ನಡೆಯುತ್ತಿದ್ದರು. ಹಾಸಿಗೆ ಕಾರ್ಖಾನೆಯೊಂದರ ಮ್ಯಾನೇಜರ್ ಅವರು, ಹೆಸರಿನ ಬದಲು ಎಲ್ಲರೂ ಹಾಗೇ ಕರೆಯುವುದು, ಬರೆಯುವುದು. ಹೊಟ್ಟೆ ಹುಣ್ಣಿಗೆ ಸೇರಿ ಎರಡು ವಾರವಾಯಿತು. ಮಂಚ ಬಿಟ್ಟು ಏಳುವುದಿಲ್ಲ, ಎಲ್ಲರ ಮೇಲೂ ಎಗರಾಡುತ್ತಾರೆ ಎಂದು ವಾರ್ಡಿನವರು ಸೋತುಹೋಗಿದ್ದರು. ಇವತ್ತು ನೋಡಿದರೆ ಸರಾಗವಾಗಿ ನಡೆಯುತ್ತಿದ್ದಾರೆ. ಕುತ್ತಿಗೆ ನೋವಿನವರು ಹಾಕಿಕೊಳ್ಳುವ ಪಟ್ಟಿ ಯಾಕೋ ಕಟ್ಟಿದ್ದರು. ಮರ ಬಂದಾಗೆಲ್ಲ ಇಬ್ಬರೂ ನಿಲ್ಲುತ್ತಿದ್ದರು. ಏನೋ ಹೊಸ ಉಸಿರಾಟದ ವ್ಯಾಯಾಮ ಇರಬೇಕು.

ಮಾರ್ಚ್ ೧೮, ಮಂಗಳವಾರ

ದೇವರೇ.

ತಲೆನೋವೆಂದು ಹನ್ನೊಂದಕ್ಕೇ ಮನೆಗೆ ಬಂದೆ. ನಡುಮನೆಯಲ್ಲಿ ಯಜಮಾನರು ಪತ್ರಿಕೆ ಓದುತ್ತಿದ್ದರು, ಗಟ್ಟಿಯಾಗಿ. ಎದುರಿಗೆ ಸೋಫಾ ಮೇಲೆ ನಾಯಿ. ಅವನ ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ. ಎದೆಗೆ ಒಂದು ಕರವಸ್ತ್ರ. ಪಕ್ಕದ ಸ್ಟೂಲಿನ ಮೇಲೆ ಕಸ್ಟರ್ಡಿನ ಬಟ್ಟಲು, ಅದರಲ್ಲಿ ಚಮಚ.

"ಇದೇನ್ರೀ!"

"ಮೆಲ್ಲಗೆ ಮಾತಾಡು," ಎಂದರು ಯಜಮಾನರು. "ಗದ್ದಲ ಆಗಬಾರದು ಅಂತ ನೀನೇ ಬರೆದಿದ್ದೀಯಲ್ಲ."

ಚೀಟಿ ಕಿತ್ತುಕೊಂಡು ನೋಡಿದೆ. ಕೈಬರಹ ನನ್ನದೇ. ಹೆಸರು: ಮ್ಯಾನೇಜರ್. ಹಾಲಿನ ಗಂಜಿ, ಮೆತ್ತಗಿನ ಬ್ರೆಡ್ಡು, ಕಸ್ಟರ್ಡ್. ಹೊಟ್ಟೆಗೆ ಬಿಸಿನೀರಿನ ಚೀಲ. ಕನ್ನಡಕ ಒಡೆದಿದೆ, ಬೇಸರವಿದೆ, ಪತ್ರಿಕೆ ಓದಿ ಹೇಳುತ್ತಾ ಊಟ ಮಾಡಿಸುವುದು.

"ಮೇಲೆ ಗಂಡಸರ ವಾರ್ಡ್ ಅಂತ ಇದೆ, ಕಾಣಲಿಲ್ವಾ?"

"ಕಾಣ್ತು. ತಮಾಷೆಗೆ ಬರೆದಿದ್ದೀಯ ಅಂದ್ಕೊಂಡೆ. ಕನ್ನಡಕದ ಬಗ್ಗೆ ಸಂಶಯ ಬಂತು. ಆದ್ರೆ ಓದಿದ್ರೆ ನಿಜವಾಗ್ಲೂ ಕೇಳ್ತಾನೆ ಕಣೇ. ಕ್ರೀಡಾ ಪುಟ ಬಂದ್ರೆ ಕಿವಿ ನಿಮಿರುತ್ತೆ."

ಆಗ ನನ್ನ ಕಣ್ಣ ಮುಂದೆ ಬಂದದ್ದು ತೋಟ. ಕುತ್ತಿಗೆ ಪಟ್ಟಿ. ಮರಗಳು.

ಐದು ದಿನ. ಒಬ್ಬ ಮನುಷ್ಯ ಐದು ದಿನದಿಂದ ನನ್ನ ನಾಯಿಯ ಪಥ್ಯದಲ್ಲಿದ್ದಾನೆ.

ಮಾರ್ಚ್ ೧೯, ಬುಧವಾರ

ಚೀಟಿ ಬದಲಾಯಿಸಿ ಯಾರಿಗೂ ಗೊತ್ತಾಗದ ಹಾಗೆ ಬಂದುಬಿಡೋಣ ಎಂದು ವಾರ್ಡಿಗೆ ಹೋದೆ. ಮ್ಯಾನೇಜರ್ ಮಂಚದ ಮೇಲೆ ಕೂತು ಕ್ಯಾರೆಟ್ ತಿನ್ನುತ್ತಿದ್ದರು. ನನ್ನನ್ನು ನೋಡಿ ಏಳಲು ಹೋದರು.

"ನನ್ನ ಪಥ್ಯ ಬರೆದವರು ನೀವೇನಾ?"

ಚೀಟಿಯನ್ನು ಬೆನ್ನ ಹಿಂದೆ ಮಾಡಿದೆ. ಹೌದು ಅಂದೆ.

"ನಾನು ಮೂವತ್ತು ವರ್ಷ ಕಾರ್ಖಾನೆ ನಡೆಸಿದವನು ಮೇಡಂ. ಗುರ್ ಅಂದ್ರೆ ಎಲ್ಲಾ ಓಡಿಬರೋರು. ಇಲ್ಲಿ ಗುರ್ ಅಂದೆ, ಸಿಸ್ಟರ್ ತಿರುಗಿಯೂ ನೋಡ್ಲಿಲ್ಲ. ಆಮೇಲೆ ಸುಮ್ನೆ ಎದ್ದು ನಡೆದೆ. ತಲೆ ಸವರಿ ಶಾಭಾಸ್ ಅಂದ್ರು." ಕ್ಯಾರೆಟ್ ಕೆಳಗಿಟ್ಟರು. "ನನ್ನಮ್ಮ ಹೋದ ಮೇಲೆ ಯಾರೂ ಅಂದಿರಲಿಲ್ಲ."

ಚೀಟಿ ಕೈಯಲ್ಲೇ ಮುದುಡಿ ವಾಪಸ್ ಬಂದೆ. ಸಂಜೆ ಅವನ ಜೊತೆ ಕುಂಬಳ ತಿನ್ನುವಾಗಲೂ ರುಚಿ ಗೊತ್ತಾಗಲಿಲ್ಲ. ಅವನು ತನ್ನ ಪಾಲು ಬಿಟ್ಟು ನನ್ನ ಮಂಡಿಯ ಮೇಲೆ ತಲೆಯಿಟ್ಟ. ಆ ತಲೆಯೇ ನಾಲ್ಕು ಕಿಲೋ ಇರಬೇಕು.

ಮಾರ್ಚ್ ೨೦, ಗುರುವಾರ

ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಬೆನ್ನು ಅಲುಗುತ್ತಿತ್ತು. ಸಿಟ್ಟೇ ಇರಬೇಕು. ನಾಳೆ ವಿಚಾರಣೆ. ಕೆಲಸ ಹೋಗಬಹುದು.

ಮಾರ್ಚ್ ೨೧, ಶುಕ್ರವಾರ

ಉದ್ದನೆಯ ಮೇಜು. ದೊಡ್ಡ ಡಾಕ್ಟರು, ಹೊಟ್ಟೆಯ ಡಾಕ್ಟರು, ಮುಖ್ಯ ಸಿಸ್ಟರ್, ಮುಖ್ಯ ಅಡುಗೆಯವರು. ಮ್ಯಾನೇಜರ್ ತಾವಾಗಿಯೇ ಬಂದು ಕೂತಿದ್ದರು, ಕುತ್ತಿಗೆ ಪಟ್ಟಿಯ ಸಮೇತ. ಬೇಡ ಎಂದರೂ ಬಿಚ್ಚಲಿಲ್ಲವಂತೆ, ಅಭ್ಯಾಸವಾಗಿದೆಯಂತೆ.

ದೊಡ್ಡ ಡಾಕ್ಟರು ಚೀಟಿಯನ್ನು ಗಟ್ಟಿಯಾಗಿ ಓದಿದರು. "ಮರ ಕಂಡಲ್ಲಿ" ಎಂಬಲ್ಲಿಗೆ ಬಂದು ನೀರು ಕುಡಿದರು.

"ಸಿಸ್ಟರ್, ನಿಮಗೆ ಸಂಶಯ ಬರಲಿಲ್ವಾ?"

"ಡಾಕ್ಟರು ಬರೆಯೋದಕ್ಕಿಂತ ಸ್ಪಷ್ಟವಾಗಿತ್ತು ಸಾರ್," ಎಂದರು ಸಿಸ್ಟರ್.

ಹೊಟ್ಟೆಯ ಡಾಕ್ಟರು ಕಾಗದ ತಿರುವಿ ರಕ್ತದೊತ್ತಡ ಇಳಿದಿದೆ, ಹುಣ್ಣಿನ ನೋವು ಕಡಿಮೆಯಾಗಿದೆ, ನಿದ್ದೆ ಬರುತ್ತಿದೆ ಎಂದು ಒಪ್ಪಿಕೊಂಡರು. ಅದನ್ನು ಹೇಳುವಾಗ ಅವರಿಗೆ ಬೇಸರವಾದ ಹಾಗಿತ್ತು.

ಕೊನೆಗೆ ನಾನು ನಿಂತು, ಅದು ನಾಯಿಗೆ ಬರೆದ ಪಥ್ಯ, ನನ್ನದೇ ತಪ್ಪು, ಕ್ಷಮಿಸಬೇಕು ಎಂದು ಮ್ಯಾನೇಜರ್ ಮುಖ ನೋಡಿಯೇ ಹೇಳಿದೆ. ಅವರು ಪಟ್ಟಿಯನ್ನು ಒಮ್ಮೆ ಮುಟ್ಟಿಕೊಂಡರು.

"ನಾಯಿ ಹೇಗಿದ್ದಾನೆ?"

"ಕಸ್ಟರ್ಡ್ ತಿಂದು ಇನ್ನೂ ದಪ್ಪಗಾಗಿದ್ದಾನೆ ಸಾರ್."

"ನೋಡಿದ್ರಾ," ಎಂದು ಡಾಕ್ಟರ ಕಡೆ ತಿರುಗಿದರು. "ನನಗೆ ನೀವು ಕೊಡ್ಬೇಕಿದ್ದ ಪಥ್ಯ ನಾಯಿಗೂ ಆಗಿಬರಲಿಲ್ಲ."

ಎಚ್ಚರಿಕೆಯ ಪತ್ರ ಕೊಟ್ಟರು. ಕೆಲಸ ಉಳಿಯಿತು. ಇನ್ನು ಮುಂದೆ ಚೀಟಿಯಲ್ಲಿ ಹಾಸಿಗೆಯ ನಂಬರ್ ಕಡ್ಡಾಯ.

ಮಾರ್ಚ್ ೨೨, ಶನಿವಾರ

ಸುದ್ದಿ ಮೂಳೆ ವಾರ್ಡಿಗೂ ಮುಟ್ಟಿದೆ. ಮಧ್ಯಾಹ್ನ ಅತ್ತೆ ಹೇಳಿಕಳಿಸಿದರು. ಹೋದೆ. ಪರದೆ ಎಳೆದಿದ್ದರು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಹೊಲಿಗೆ ಹಾಕಿದ ಕಡೆ ಕೈಯೊತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು.

"ಮರದ ಹತ್ರ ನಿಲ್ಲಿಸಿದ್ರಂತಲ್ಲೇ!"

"ಹೌದು ಅತ್ತೆ."

"ನನ್ನ ಮಗ ನಮ್ಮನೆ ಮ್ಯಾನೇಜರ್ ಅವರಿಗೆ ಪೇಪರ್ ಓದಿದ್ನಂತೆ!"

"ಕ್ರೀಡಾ ಪುಟ."

"ನಿಮ್ಮ ಮಾವ ಇದ್ದಿದ್ರೆ ನಕ್ಕು ನಕ್ಕು ಸಾಯ್ತಿದ್ರು." ಎಂದು ನಗು ನಿಲ್ಲಿಸಿದರು. ಹೊದಿಕೆಯ ಅಂಚು ಮಡಚಿದರು, ಬಿಡಿಸಿದರು. "ಉಪ್ಪು ಕೇಳಿದ್ರು ಕಣೇ ಅವರು."

"ಗೊತ್ತು ಅತ್ತೆ. ನಾನು ಕೊಡಲಿಲ್ಲ."

"ನಾನು ಕೊಟ್ಟೆ."

"ಯಾವಾಗ ಅತ್ತೆ?"

"ನೀನು ಕೆಲಸಕ್ಕೆ ಹೋದ ಮೇಲೆ. ಕೊನೆಯ ವಾರ ದಿನಾ ಕೊಟ್ಟೆ, ನಾಲಿಗೆಗೆ ಮುಟ್ಟಿಸಿದೆ. ಅವರು ಕಣ್ಣು ಮುಚ್ಚಿ ಚಪ್ಪರಿಸೋರು. ಎಂಟನೇ ದಿನ ಹೋದ್ರು." ಅತ್ತೆ ನನ್ನ ಕಡೆ ನೋಡಲಿಲ್ಲ. "ನಾನೇ ಕೊಂದೆ ಅಂದ್ಕೊಂಡು ಬದುಕೋದು ಕಷ್ಟ. ಸೊಸೆ ಒಂದು ಹರಳು ಉಪ್ಪು ಕೊಡಲಿಲ್ಲ ಅಂತ ಸಿಟ್ಟು ಮಾಡ್ಕೊಂಡ್ರೆ ದಿನ ಹೋಗುತ್ತೆ."

ಪರದೆಯಾಚೆ ಯಾರದೋ ತಟ್ಟೆಗಳ ಸದ್ದು. "ನಾಲಿಗೆಗೆ ಮುಟ್ಟಿಸಿದ್ದರಿಂದ ಏನೂ ಆಗಿರಲ್ಲ ಅತ್ತೆ," ಎಂದೆ. "ನಾನು ಬಲ್ಲೆ. ಅದೇ ನನ್ನ ಕೆಲಸ."

ಅಷ್ಟೇ ಉಪ್ಪಿಗೆ ಏನೂ ಆಗಿರಲಾರದು. ಆದರೆ ಅತ್ತೆ ಮೊದಲೇ ಕೇಳಿದ್ದರೆ ನಾನು ಅದಕ್ಕೂ ಒಪ್ಪುತ್ತಿರಲಿಲ್ಲ, ಅದೂ ನಿಜ. ಅದನ್ನು ಹೇಳಲಿಲ್ಲ.

ತಟ್ಟೆ ಬಂತು, ಉಪ್ಪು ಕಡಿಮೆಯ ಬೇಯಿಸಿದ ಕುಂಬಳ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಮುಖ ಹಿಂಡಿದರು. "ಇದನ್ನ ನಮ್ಮ ಮ್ಯಾನೇಜರ್ ಅವರು ಹೇಗೆ ತಿಂದ್ರೇ?"

"ಅವರ ಜೊತೆಗೆ ಒಬ್ಬರು ತಿನ್ನಬೇಕು."

ಅತ್ತೆ ಚಮಚವನ್ನು ನನ್ನ ಕಡೆ ನೂಕಿದರು.

ಮಾರ್ಚ್ ೨೭, ಗುರುವಾರ

ಮ್ಯಾನೇಜರ್ ಇವತ್ತು ನಮ್ಮ ಮನೆಯ ಮೂರು ಮೆಟ್ಟಿಲನ್ನು ಯೋಚಿಸದೆ ಹತ್ತಿದರು.

ಮಾರ್ಚ್ ೩೧, ಸೋಮವಾರ

ಅತ್ತೆ ವಾಕರ್ ಹಿಡಿದುಕೊಂಡು ಮನೆಗೆ ಬಂದರು. ಮ್ಯಾನೇಜರ್ ಬಾಗಿಲಿನಿಂದ ಎದ್ದು ಪಕ್ಕಕ್ಕೆ ಹೋಗಿ ನಿಂತರು. ಅತ್ತೆ ಅವರನ್ನು ಕಿವಿಯಿಂದ ಬಾಲದವರೆಗೆ ನೋಡಿ, "ಸೊರಗಿ ಕಡ್ಡಿಯಾಗಿದ್ದಾರೆ," ಎಂದು ನನ್ನ ಮೇಲೆ ಹರಿಹಾಯ್ದರು. ಯಜಮಾನರು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ನನ್ನ ಲೆಕ್ಕದಲ್ಲಿ ಇನ್ನೂ ಆರು ಕಿಲೋ ಇಳೀಬೇಕು ಅತ್ತೆ. ನೀವು ಬಿಸ್ಕತ್ತು ಕೊಡೋ ಹಾಗಿಲ್ಲ."

"ದಿನಕ್ಕೆ ಒಂದು."

"ಅರ್ಧ. ನನ್ನ ಕಣ್ಣೆದುರಿಗೆ."

"ನಿನ್ನ ಕಣ್ಣೆದುರಿಗೇ ಕೊಡ್ತೀನಿ," ಎಂದರು. ಅದು ಜಗಳವೋ ಒಪ್ಪಂದವೋ ತಿಳಿಯಲಿಲ್ಲ. ಸಂಜೆ ಒಂದೇ ಪಾಳಿಯಲ್ಲಿ ಅಡುಗೆಯಾಯಿತು.

ಏಪ್ರಿಲ್ ೨, ಬುಧವಾರ

ಮ್ಯಾನೇಜರ್ ಅವರನ್ನು ತೂಕಕ್ಕೆ ಕರೆದುಕೊಂಡು ಹೋಗಿದ್ದೆ. "ನಿನ್ನ ಲೆಕ್ಕ ನಂಬೋಕಾಗಲ್ಲ, ನಾನೇ ನೋಡ್ಬೇಕು," ಎಂದು ಅತ್ತೆಯೂ ಆಟೋದಲ್ಲಿ ಬಂದರು.

ಪಶುವೈದ್ಯರು ಹೊಸ ತಕ್ಕಡಿ ತರಿಸಿದ್ದಾರೆ, ನೆಲದ ಮಟ್ಟಕ್ಕೆ ಒಂದು ದೊಡ್ಡ ಕಬ್ಬಿಣದ ಹಲಗೆ. ಮ್ಯಾನೇಜರ್ ಒಂದು ಕಾಲಿಟ್ಟು ಹಿಂದಕ್ಕೆ ತೆಗೆದುಕೊಂಡರು. ಕರೆದೆವು, ಪುಸಲಾಯಿಸಿದೆವು, ತಲೆ ಸವರಿದೆವು. ಕೊನೆಗೆ ನಾನು ಹತ್ತಿ ನಿಂತೆ. ತಕ್ಷಣ ಅವರೂ ಹತ್ತಿದರು. ನಾನು ಇಳಿದೆ, ಅವರೂ ಇಳಿದರು. ಮೂರು ಸಲ ಹೀಗೇ. ನಾಲ್ಕನೇ ಸಲ ಹತ್ತಿ ಗಡಗಡ ನಡುಗುತ್ತಾ ಅತ್ತೆಯ ಕಡೆ ನೋಡಿದರು.

"ಹೆದರಿಕೆ ಕಣೇ ಅವರಿಗೆ," ಎಂದರು ಅತ್ತೆ. ವಾಕರ್ ಗೋಡೆಗೆ ಒರಗಿಸಿ, ನನ್ನ ಹೆಗಲು ಹಿಡಿದು, ಒಂದೊಂದೇ ಕಾಲು ಎತ್ತಿಟ್ಟು ಹಲಗೆಯ ಮೇಲೆ ಬಂದು ನಿಂತರು. ಮ್ಯಾನೇಜರ್ ನಮ್ಮಿಬ್ಬರ ನಡುವೆ ಕೂತರು. ನಡುಕ ನಿಂತಿತು.

ವೈದ್ಯರು ಬಗ್ಗಿ ಪಕ್ಕೆ ಮುಟ್ಟಿ ನೋಡಿದರು. "ಪಕ್ಕೆಲುಬು ಕೈಗೆ ಸಿಗ್ತಿದೆ. ಇಳಿದಿದ್ದಾನೆ, ಚೆನ್ನಾಗಿ ಇಳಿದಿದ್ದಾನೆ. ಆದ್ರೆ ತೂಕ ಅಂತ ಏನು ಬರೀಲಿ? ನೀವಿಬ್ಬರೂ ಬೇರೆ ಬೇರೆ ನಿಂತ್ರೆ ಕಳೀಬಹುದು."

"ನನ್ನ ತೂಕ ಊರಿಗೆಲ್ಲ ಸಾರಬೇಕಾ?" ಎಂದರು ಅತ್ತೆ. "ಒಟ್ಟಿಗೇ ಬರ್ಕೊಳ್ಳಿ. ಒಂದೇ ಮನೆಯವರು."

ವೈದ್ಯರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಕಾರ್ಡಿನಲ್ಲಿ ಬರೆದರು: ಮ್ಯಾನೇಜರ್, ನೂರ ಐವತ್ತೊಂದು ಕಿಲೋ ನಾನೂರು ಗ್ರಾಂ.

"ಸರ್ಯಮ್ಮ, ಇಳೀರಿ ಈಗ," ಎಂದರು.

ಅತ್ತೆಯ ಕೈ ನನ್ನ ಹೆಗಲ ಮೇಲೆ, ಮ್ಯಾನೇಜರ್ ನನ್ನ ಕಾಲ ಮೇಲೆ. ಮೊದಲು ಯಾರು ಇಳಿಯಬೇಕೆಂದು ಗೊತ್ತಾಗದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆವು.